ನಾನು ಬರೆದ ಎರಡು ತಾಸು

ಆ ದಿನ ನಾನು ಸರ್ಕಾರಿ ದವಾಖಾನೆಗೆ ಹೋಗಿದ್ದು ನನ್ನ ಬೀಪಿ ಗುಳಿಗೆಗಾಗಿ. ಗುಳಿಗೆ ಪೇಟೆಯ ಮೆಡಿಕಲ್ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳಿಗೆ ಬೆಳಿಗ್ಗೆ ಒಳ್ಳೆಯ ಸೀರೆ ಉಟ್ಟು ಹೋಗಲು ಒಂದು ಜಾಗ ಬೇಕಲ್ಲ. ಗಡಿಯಾಚೆ ಮುಂಬಯಿ ಸರ್ಕಾರಕ್ಕೆ ಸೇರಿದ ಜತ್ತ ತಾಲ್ಲೂಕಿನ ಯಾವ ಊರಿನ ದವಾಖಾನೆ ಎಂದು ಬರೆಯುವುದಿಲ್ಲ. ರೋಗಿಗಳ ಅನುಕೂಲ ನೋಡಿಕೊಳ್ಳಲೆಂದು ಸರ್ಕಾರವೇ ಮಾಡಿದ ರುಗ್ಣ ಕಲ್ಯಾಣ ಸಮಿತಿಯಲ್ಲಿ ನಾನೂ ಒಬ್ಬ ಮೆಂಬರ್. ಹಾಗಾಗಿ ನನಗೆ ಸಾಲಿನಲ್ಲಿ ನಿಲ್ಲುವ ಕೆಲಸವಿಲ್ಲ. ಔಷಧದ ಕಿಟಕಿಯ ಪಕ್ಕ ಒಂದು ಕುರ್ಚಿ ಹಾಕಿಕೊಡುತ್ತಾರೆ.

ಹತ್ತು ಗಂಟೆಯ ಹೊತ್ತಿಗೆ ಸೀಟು ತುಂಬಿಸಿಕೊಂಡು ಓಡುವ ವಡಾಪ್ ಜೀಪೊಂದು ಗೇಟಿನ ಒಳಗೇ ಬಂದು ನಿಂತಿತು. ಒಬ್ಬ ಹೆಣ್ಣುಮಗಳು ನಾಲ್ಕು ವರ್ಷದ ಮಗನನ್ನು ಎತ್ತಿಕೊಂಡು ಇಳಿದಳು. ಅಸಂಗಿ ಕಡೆಯ ಹೊಲದ ವಸ್ತಿಯವಳು. ಒಲೆಗೆಂದು ಒಟ್ಟಿದ ಕುಳ್ಳಿನ ರಾಶಿಯ ಹತ್ತಿರ ಆಡುತ್ತಿದ್ದ ಹುಡುಗನಿಗೆ ಕೆಂಪು ಚೇಳು ಕಡಿದಿತ್ತು.

"ಒಂಬತ್ತಕ್ಕ ಕಡದೈತ್ರಿ. ಹಂಗ ಎತ್ಕೊಂಡು ಓಡಿ ಬಂದು ಗಾಡಿ ಹಿಡದೀನ್ರಿ," ಎಂದಳು ನರ್ಸಿಗೆ.

"ಸಾಹೇಬ್ರು ಸಾಂಗ್ಲಿಗೆ ಮೀಟಿಂಗಿಗೆ ಹೋಗ್ಯಾರ. ಕುಂದ್ರು, ಫೋನ್ ಹಚ್ಚತೀನಿ."

ಅವಳು ಗೋಡೆಯ ಬಳಿಯ ಬಾಕಿನ ಮೇಲೆ ಕೂತಳು. ಹುಡುಗನ ಅಂಗಿ ಬೆವರಿನಿಂದ ಮೈಗೆ ಅಂಟಿತ್ತು. ಫೋನು ಒಮ್ಮೆ ಹತ್ತಿತು, ಮತ್ತೆ ಹತ್ತಲಿಲ್ಲ. ಡಾಕ್ಟರು ಹೇಳದೆ ಇಷ್ಟು ಸಣ್ಣ ಮಗುವಿಗೆ ಔಷಧ ಎಷ್ಟೆಂದು ತಾನೇ ಅಳೆದು ಕೊಡಲು ನರ್ಸಿಗೆ ಧೈರ್ಯ ಬರಲಿಲ್ಲ. ಆಕ್ಸಿಜನ್ ಇತ್ತು, ಆದರೆ ಮಾಸ್ಕು ದೊಡ್ಡವರದು. ಹುಡುಗನ ಗದ್ದದಿಂದ ಹಣೆಯವರೆಗೂ ಮುಚ್ಚಿತು. ಸುತ್ತ ಟವೆಲ್ ತುರುಕಿದರೂ ಗಾಳಿ ಎಲ್ಲಾ ಪಕ್ಕಕ್ಕೇ ಹೋಗುತ್ತಿತ್ತು. ಸಾಂಗ್ಲಿಗೆ ಒಯ್ಯಲು ಅಂಬುಲೆನ್ಸ್ ಬೇಕಿತ್ತು. ಅದು ಸನಮಡಿಗೆ ಹೆರಿಗೆಗೆ ಹೋಗಿತ್ತು. ಅದು ಬಂದಾಗ ಹನ್ನೆರಡು. ಊರ ಹೊರಗಿನ ನಾಕಾ ದಾಟುವ ಮೊದಲೇ ಹುಡುಗ ಸತ್ತನೆಂದು ಡ್ರೈವರ್ ವಾಪಸ್ ಬಂದು ಹೇಳಿದ.

ಆ ಎರಡು ತಾಸು ನಾನು ನನ್ನ ಕುರ್ಚಿಯಲ್ಲೇ ಕೂತಿದ್ದೆ. ಒಂದು ಸಲ "ಏನಾದರೂ ಮಾಡ್ರಿ ಸಿಸ್ಟರ್" ಎಂದೆ. ಆ ತಾಯಿ ನನ್ನನ್ನು ನೋಡಲಿಲ್ಲ. ಅವಳು ನೋಡುತ್ತಿದ್ದುದು ಮಗನ ಬಾಯಿಯನ್ನು ಮಾತ್ರ. ನನ್ನ ಗುಳಿಗೆಯ ಪೊಟ್ಟಣ ಬಂತು, ಪರ್ಸಿನಲ್ಲಿಟ್ಟುಕೊಂಡೆ.

ಮುಂದಿನ ಸುದ್ದಿ ಹೇಳಿದವಳು ನಮ್ಮ ಆಶಾ ಕಾರ್ಯಕರ್ತೆ. ಮನೆಮನೆಗೆ ಹೋಗಿ ತಾಯಿ ಮಕ್ಕಳ ಆರೋಗ್ಯ ನೋಡುವವಳು, ಯಾರ ಮನೆಯಲ್ಲಿ ಯಾರು ಉಣ್ಣಲಿಲ್ಲ ಅನ್ನುವುದೂ ಅವಳಿಗೆ ಗೊತ್ತು. "ಅವರತ್ತಿ ದಿನಾ ಕೇಳ್ತಾಳ್ರಿ, ನನ್ನ ಮೊಮ್ಮಗನ್ನ ತಗೊಂಡು ಎಲ್ಲಿ ತಡಾ ಮಾಡಿದಿ ಅಂತ. ಆಕಿ ದವಾಖಾನಿಯಾಗ ಕುಂಡ್ರಿಸಿದ್ರು ಅಂತಾಳ. ಗಂಡ ಅತ್ಲಾಗ ಅವ್ವನ ಕಡೆನೂ ಇಲ್ಲ, ಇತ್ಲಾಗ ಹೇಣ್ತಿ ಕಡೆನೂ ಇಲ್ಲ. ಆ ಒಂದು ಮಾತಿನ ಮ್ಯಾಲ ಆ ಮನಿಯಾಗ ಉಳದಾಳ್ರಿ." ಒಂದೂವರೆ ವರ್ಷದ ಮಗಳು ಬೇರೆ ಇದ್ದಳು. ಅತ್ತೆ ಆ ಮಗುವನ್ನು ಸೊಸೆಯ ಕೈಗೆ ಬಿಡಬೇಕೋ ಬೇಡವೋ ಎಂದು ತೂಗುತ್ತಿದ್ದಳಂತೆ.

ಕೆಲವು ತಿಂಗಳಾದ ಮೇಲೆ ಡಾಕ್ಟರ್ ಸಾಹೇಬರು ನನ್ನನ್ನು ಕರೆಸಿದರು. ಮಕ್ಕಳ ತುರ್ತು ಚಿಕಿತ್ಸೆಗೆ ಗ್ರಾಮೀಣ ದವಾಖಾನೆಗಳಿಗೆ ಸರ್ಕಾರ ಅನುದಾನ ಕೊಡುವುದಿತ್ತು. ಬೇಕೆಂದವರು ಪ್ರಸ್ತಾವ ಕಳಿಸಬೇಕು. ಯಂತ್ರಗಳ ಪಟ್ಟಿಯನ್ನು ಅವರೇ ಮಾಡಿದ್ದರು. ಆದರೆ ಫಾರ್ಮಿನ ಕೊನೆಗೆ ಒಂದು ಪುಟ ಖಾಲಿ ಇತ್ತು, ಅದರ ತಲೆಗೆ ಒಂದು ಸೂಚನೆ. ನಿಮ್ಮಲ್ಲಿ ತೀರಿಕೊಂಡ ಒಂದು ಮಗುವಿನ ಕಥೆಯನ್ನು ಇಂಗ್ಲಿಷಿನಲ್ಲಿ ಬರೆಯಿರಿ. ತಡವಾಗಿದ್ದು ಎಲ್ಲಿ, ಮನೆಯಲ್ಲೋ, ದಾರಿಯಲ್ಲೋ, ಆಸ್ಪತ್ರೆಯಲ್ಲೋ?

"ಆಸ್ಪತ್ರೆಯಲ್ಲಿ," ಎಂದೆ ನಾನು.

"ಹಂಗ ಬರದ್ರ ಅನುದಾನ ಬರೂದಿಲ್ಲ ಮ್ಯಾಡಮ್, ಯಾರದು ತಪ್ಪು ಅಂತ ಚೌಕಶಿ ಬರತದ."

"ಮಾಸ್ಕ್ ಇಲ್ಲ ಅಂತನ ಅಲ್ರಿ ನಾವು ಕೇಳೂದು?"

"ಮಾಸ್ಕ್ ಇಲ್ಲ ಅಂತ ಬರೀರಿ. ಅದಿಲ್ಲದ್ದಕ್ಕ ಸತ್ತ ಅಂತ ಬರೀಬ್ಯಾಡ್ರಿ. ಸತ್ತದ್ದಕ್ಕ ಬ್ಯಾರೆ ಕಾರಣ ಕೊಡ್ರಿ."

"ಯಾವ ಕಾರಣ?"

ಅವರು ನಕ್ಕರು. "ಚೇಳು ಕಡದ್ರ ನಮ್ಮ ಮಂದಿ ಮೊದಲ ಎಲ್ಲಿಗೆ ಹೋಗ್ತಾರ, ನಿಮಗ ಗೊತ್ತಿಲ್ಲೇನ್ರಿ? ಇಷ್ಟ ವರ್ಷ ಇಲ್ಲೇ ಇದ್ದೀರಿ."

ನಾನು ಬೇಡ ಅನ್ನಬಹುದಿತ್ತು. ಮುಂದೆ ಎಷ್ಟು ಮಕ್ಕಳು ಉಳಿಯುತ್ತವೆ ಎಂದು ಅವರು ಬೆರಳು ಮಡಚಿ ಹೇಳಿದರು, ಅದೂ ಸುಳ್ಳಲ್ಲ. ಆದರೆ ನಾನು ಒಪ್ಪಿದ್ದು ಅದಕ್ಕಲ್ಲ. ಎಷ್ಟೋ ವರ್ಷಗಳ ಮೇಲೆ ಯಾರೋ ನನ್ನಿಂದ ಒಂದು ಕಾಂಪೊಸಿಷನ್ ಕೇಳಿದ್ದರು.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟಿನ ಬೋರ್ಡಿಂಗಿನಲ್ಲಿ. ಅಪ್ಪನದು ಜತ್ತದಲ್ಲಿ ಅರಿವೆಯ ಅಂಗಡಿ. ಮಗಳು ಇಂಗ್ಲಿಷಿನಲ್ಲಿ ಕಾಗದ ಬರೆಯಲಿ ಎಂಬ ಒಂದೇ ಆಸೆಗೆ ಅಷ್ಟು ದೂರ ಕಳಿಸಿದ್ದ. ಭಾನುವಾರ ಮಧ್ಯಾಹ್ನ ಲೆಟರ್ ರೈಟಿಂಗ್. ಉದ್ದನೆಯ ವರಾಂಡ, ಗೋಡೆಯ ಮೇಲೆ ಕಾಗದದ ಹೂವಿನ ಬಳ್ಳಿ, ಎಲ್ಲಿಂದಲೋ ಪಿಯಾನೊದ ಸದ್ದು. ನನ್ನ ಕಾಂಪೊಸಿಷನ್ನಿನ ಮಾರ್ಜಿನ್ನಿನಲ್ಲಿ ಸಿಸ್ಟರ್ ಕೆಂಪು ಶಾಯಿಯಲ್ಲಿ "ವಿವಿಡ್" ಎಂದು ಬರೆಯುತ್ತಿದ್ದರು. ಆ ಒಂದು ಶಬ್ದಕ್ಕಾಗಿ ನಾನು ಎಂತೆಂಥ ಮಳೆ, ಎಂತೆಂಥ ಸೂರ್ಯಾಸ್ತ ಹುಟ್ಟಿಸಿದ್ದೇನೋ.

ಈ ಸಲವೂ ಹುಟ್ಟಿಸಿದೆ. ಚೇಳು, ಕುಳ್ಳು, ತಾಯಿ ಓಡಿದ್ದು ಎಲ್ಲಾ ನಿಜವೇ ಬರೆದೆ. ಆಮೇಲೆ ಬಾಕಿನ ಮೇಲಿನ ಎರಡು ತಾಸನ್ನು ಎತ್ತಿ ಒಬ್ಬ ಮಂತ್ರಗಾರನ ಮನೆಯ ಕಟ್ಟೆಯ ಮೇಲೆ ಇಟ್ಟೆ. ಕಟ್ಟೆಗೆ ನೆರಳಾಗಲೆಂದು ಒಂದು ಬೇವಿನ ಗಿಡ ನಿಲ್ಲಿಸಿದೆ. ಮುದುಕನ ಕೈಗೆ ವಿಭೂತಿ ಕೊಟ್ಟೆ. ತಾಯಿಯನ್ನು ಕೈಮುಗಿದು ಕೂರಿಸಿ, "ಶಿ ವೇಟೆಡ್ ಟೂ ಅವರ್ಸ್, ಟ್ರಸ್ಟಿಂಗ್" ಎಂದು ಪ್ಯಾರಾ ಮುಗಿಸಿದೆ. ಆ ಕೊನೆಯ ಶಬ್ದ ಹೊಳೆದಾಗ ನನಗೆ ಆದ ಸಂತೋಷವನ್ನು ಮುಚ್ಚಿಟ್ಟರೆ ಇದನ್ನು ಬರೆದೂ ಉಪಯೋಗವಿಲ್ಲ. ಎದ್ದು ಚಹಾ ಮಾಡಿಕೊಂಡು ಕುಡಿದೆ.

"ಕ್ಲಾಸ್ ಆಗೇದ್ರಿ ಮ್ಯಾಡಮ್. ಓದಿ ಕಣ್ಣಾಗ ನೀರು ಬಂತು," ಎಂದರು ಡಾಕ್ಟರು.

ತಾಯಿಯ ಸಹಿಯನ್ನು ಆಶಾ ತಂದಳು. ಮಕ್ಕಳ ರೂಮಿಗೆ ಸರ್ಕಾರ ಅನುದಾನ ಕೊಡುತ್ತದೆ, ನಿನ್ನ ಮಗನ ಕಾಗದ ಅದಕ್ಕೆ ಬೇಕು ಎಂದಾಗ ಆ ಹೆಣ್ಣುಮಗಳು ಕೇಳಿದ್ದು ಒಂದೇ ಮಾತಂತೆ: "ಸಣ್ಣ ಮಾಸ್ಕ್ ತರ್ತಾರೇನ್ರಿ?" ಮರಾಠಿ ಸಾಲೆಯ ಐದನೆಯ ಇಯತ್ತೆಯವರೆಗೆ ಕಲಿತವಳು. ಇಂಗ್ಲಿಷ್ ಪುಟದ ಕೆಳಗೆ ದುಂಡಗೆ ಮರಾಠಿಯಲ್ಲಿ ತನ್ನ ಹೆಸರು ಬರೆದುಕೊಟ್ಟಿದ್ದಳು.

ಅನುದಾನ ಬಂತು. ಹಳೆಯ ಸ್ಟೋರ್ ರೂಮಿಗೆ ಹಳದಿ ಬಣ್ಣ, ಗೋಡೆಯ ಮೇಲೆ ಆನೆ, ಪಕ್ಕಕ್ಕೆ ಕಟಕಟೆ ಇದ್ದ ಮಂಚ, ಪುಟ್ಟ ಬಟ್ಟಲಿನಂಥ ಮಾಸ್ಕುಗಳು. ಬಣ್ಣಬಣ್ಣದ ಒಂದು ಟೇಪು ಕೂಡ ಇತ್ತು. ಮಗುವಿನ ಪಕ್ಕ ಹಾಸಿ ಉದ್ದ ನೋಡಿದರೆ ಯಾವ ಔಷಧ ಎಷ್ಟು ಎಂದು ಅದೇ ಹೇಳುತ್ತದೆ, ಡಾಕ್ಟರ ಫೋನಿಗೆ ಕಾಯಬೇಕಾಗಿಲ್ಲ. ಹೌ ಸಿಂಪಲ್, ಅಂದುಕೊಂಡೆ.

ಉದ್ಘಾಟನೆಗೆ ಜಿಲ್ಲೆಯಿಂದ ದೊಡ್ಡ ಸಾಹೇಬರು ಬರುವವರಿದ್ದರು. ಆ ತಾಯಿಯನ್ನು ಕರೆಸಿ ಫೆಲಿಸಿಟೇಶನ್ ಮಾಡೋಣ ಎಂದರು ಡಾಕ್ಟರು. ಶಾಲು ಬೇಡ, ಉಡಿ ತುಂಬೋಣ ಎಂದವಳು ನಾನು. ಅವಳಿಗೆ ಏನಾದರೂ ಕೊಟ್ಟಂತಾಗಲಿ ಎಂದಿತ್ತೋ, ಕೊಟ್ಟ ಮೇಲೆ ನನಗೆ ನಿದ್ದೆ ಬರಲಿ ಎಂದಿತ್ತೋ. ಗುಳೇದಗುಡ್ಡದ ಖಣವನ್ನು ನಾನೇ ಆರಿಸಿ ತಂದೆ.

ಕಂಪೌಂಡಿನಲ್ಲಿ ಶಾಮಿಯಾನ. ಮುಂದಿನ ಸಾಲಿನಲ್ಲಿ ಅವಳ ಗಂಡ, ಅತ್ತೆ. ದವಾಖಾನೆಯೇ ಜೀಪು ಕಳಿಸಿ ಕರೆಸಿತ್ತು. ಅವಳನ್ನು ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂರಿಸಿ, ಸೆರಗು ಚಾಚಿಸಿ, ನಾನೂ ನರ್ಸೂ ಉಡಿ ತುಂಬಿದೆವು. ಅಕ್ಕಿ, ಕೊಬ್ಬರಿ, ಅರಿಸಿನ ಬೇರು, ಎಲೆ ಅಡಿಕೆ, ಖಣ. ತುಂಬಿದ ಉಡಿಯನ್ನು ಒಂದು ಕಾಳೂ ಚೆಲ್ಲದಂತೆ ಗಂಟು ಕಟ್ಟಿ ಮನೆಯ ದೇವರ ಮುಂದೆ ಬಿಚ್ಚಬೇಕು. ಚೆಲ್ಲಿದರೆ ಮಕ್ಕಳೊಂದಿಗರಿಗೆ ಒಳ್ಳೆಯದಲ್ಲ. ಆದರೆ ಫೋಟೋದವನು "ಗಂಟು ಹಾಕಬ್ಯಾಡ್ರಿ, ಕಾಣ್ಲಿ" ಎಂದ. ಅವಳು ಎರಡೂ ಕೈಯಿಂದ ಸೆರಗಿನ ಅಂಚು ಹಿಡಿದು ಹಾಗೇ ಕೂತಳು.

ಆಗ ದೊಡ್ಡ ಸಾಹೇಬರು ಮೈಕಿನ ಮುಂದೆ ನಿಂತು ಒಂದು ಕಾಗದ ತೆಗೆದರು. ನನ್ನ ಪುಟವನ್ನು ಯಾರೋ ಮರಾಠಿಗೆ ಮಾಡಿಸಿದ್ದರು. ಹೀಗಾಗುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಆ ಪುಟ ಮುಂಬಯಿಗೆ ಹೋಗಿ ಫೈಲಿನಲ್ಲಿ ಸತ್ತಿದೆ ಎಂದು ನಂಬಿದ್ದೆ. ಒಳ್ಳೆಯ ಕಂಠ ಅವರದು. ಬೇವಿನ ಗಿಡ ಬಂತು, ಕಟ್ಟೆ ಬಂತು, ಮುದುಕ ಬಂದ. ಎರಡು ತಾಸು ಬಂದಾಗ ಜನ ಲೊಚಗುಟ್ಟಿದರು. ಹೆಂಗಸರ ಸಾಲಿನಿಂದ ಒಬ್ಬಳ ಮಾತು ಚೆನ್ನಾಗಿ ಕೇಳಿತು: "ಹೆತ್ತಾಕಿ ಇಷ್ಟ ಹುಚ್ಚಿ ಇರಬೇಕೇನ?"

ಅವಳು "ಹಂಗಲ್ಲರಿ" ಎಂದು ಏಳಲು ಹೋದಳು. ನರ್ಸ್ ಭುಜ ಒತ್ತಿದಳು. "ಏಳಬ್ಯಾಡವ್ವಾ, ಉಡಿ ಚೆಲ್ಲತೈತಿ."

ಕೂತಳು. ಕಣ್ಣು ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಅವಳು ನನ್ನ ಕಡೆ ತಿರುಗಿದಾಗ ನಾನು ಕೊಬ್ಬರಿ ಬಟ್ಟಲನ್ನು ನೋಡುತ್ತಿದ್ದೆ. ಜನ ಚಪ್ಪಾಳೆ ತಟ್ಟಿದರು.

ಕಾರ್ಯಕ್ರಮ ಮುಗಿದ ಮೇಲೆ ನಳದ ಹತ್ತಿರ ಅವಳು ನನ್ನನ್ನು ಹಿಡಿದಳು. "ಬಾಯಾರ, ಅದನ್ನ ಬರದಾವರು ನೀವೇನ್ರಿ?"

"ಬರದಾಕಿ ನಾನ ತಂಗಿ. ಆದರ ಡಾಕ್ಟರು ಕೊಟ್ಟ ಕಾಗದದಾಗ ಹಂಗ ಇತ್ತು. ಇದ್ದದ್ದನ್ನ ಇಂಗ್ಲಿಷಿಗೆ ಮಾಡೀನಿ ಅಷ್ಟ."

ಅವಳು ಅದನ್ನು ನಂಬಿದಳು. "ಹಂಗಾರ ನೀವರೆ ಏನ್ ಮಾಡ್ತೀರಿ," ಎಂದು ನನ್ನನ್ನೇ ಸಮಾಧಾನ ಮಾಡಿದಳು. ಅಷ್ಟರಲ್ಲಿ ಜೀಪಿನಿಂದ ಅತ್ತೆಯ ಧ್ವನಿ ಬಂತು. "ಎರಡು ತಾಸು. ಎರಡು ತಾಸಿನಾಗ ನಾನು ಅರ್ಧ ಹೊಲದ ಕಳೆ ತಗೀತೀನಿ. ದವಾಖಾನಿ ಮ್ಯಾಲ ಹಾಕಿದ್ಲು ನೋಡು, ಕಳ್ಳಿ. ಗಾಡಿ ಹತ್ತು ಲಗೂನ, ಇಲ್ಲೆರೆ ತಡಾ ಮಾಡಬ್ಯಾಡ."

ವಾರದೊಳಗೆ ನಮ್ಮ ಅಂಗಳಕ್ಕೆ ಕಂಬಳಿ ಹೊದ್ದ ಒಬ್ಬ ಕುರಿಗಾರ ಮುದುಕ ಬಂದ. ಆ ಕಡೆ ಚೇಳಿನ ಮಂತ್ರ ಬಲ್ಲವನು ಅವನೊಬ್ಬನೇ ಅಂತೆ. ನಾನು ಯಾರ ಹೆಸರೂ ಬರೆದಿರಲಿಲ್ಲ. ಊರು ತಾನೇ ಹೆಸರು ತುಂಬಿಕೊಂಡಿತ್ತು.

"ಕುಂದ್ರಿ ಅಜ್ಜಾ."

"ಕುಂದರಾಕ ಬಂದಿಲ್ಲರಿ ಬಾಯಾರ. ಎರಡು ತಾಸು ಕುಂಡ್ರಿಸಿಕೊಂಡಿದ್ದೆ ಅಂತ ಮೊದಲ ಹೆಸರಾಗೇತಿ." ನಿಂತೇ ಇದ್ದ. "ನನ್ನ ಮನಿಗೆ ಕಟ್ಟಿನ ಇಲ್ಲ. ಪತ್ರಾಸ ತಗಡಿನ ಶೆಡ್ ಐತಿ. ಬೇವಿನ ಗಿಡ ಅಂತ ಓದಿದ್ರಂತ. ಮುಂದ ಐತಿ ಒಂದು ಜಾಲಿ, ಅದರ ನೆಳ್ಳಿಗೆ ನನ್ನ ನಾಯಿನೂ ಮಲಗೂದಿಲ್ಲ. ವಿಭೂತಿ ನಾ ಮುಟ್ಟೂದಿಲ್ಲ, ನಮ್ಮದು ಅರಿಸಿನದ ಭಂಡಾರ. ಬರ್ಯಾವ್ರು ಒಂದಾರೆ ಖರೆ ಬರೀಬೇಕಿಲ್ಲರಿ?"

ನಾನು ತಂದಿಟ್ಟ ನೀರಿನ ತಂಬಿಗೆಯನ್ನು ಅವನು ಮುಟ್ಟಲಿಲ್ಲ.

"ಕೆಂಪು ಚೇಳಿಗೆ ನನ್ನ ಮಂತ್ರ ನಡಿಯೂದಿಲ್ಲರಿ. ನಾನ ಮಂದಿನ್ನ ದವಾಖಾನಿಗೆ ಓಡಸ್ತೀನಿ. ಆ ಹೆಣ್ಮಗಳು ನನ್ನ ಹಂತ್ಯಾಕ ಬಂದಿಲ್ಲ. ಇದನ್ನ ಅವರತ್ತಿ ಮುಂದ ಹೇಳಿದ್ರ, ‘ಮುದಕಾ, ನಿನ್ನ ಮ್ಯಾಲ ಬರತೈತಿ ಅಂತ ಸುಳ್ಳು ಹೇಳ್ತಿ’ ಅಂದ್ಲು. ನೀವು ಒಂದು ಮಾತು ಹೇಳ್ರಿ. ಸಾಲಿ ಕಲಿಸಿದವರ ಮಾತು ಕೇಳ್ತಾರ."

"ಹೇಳತೀನಿ ಅಜ್ಜಾ," ಎಂದೆ. ಹೇಳಲಿಲ್ಲ. ರೂಮಿನ ಎರಡನೆಯ ಹಂತದ ಅನುದಾನ ಬರುವುದು ಬಾಕಿ ಇತ್ತು, ಅದೊಂದು ಬರಲಿ ಎಂದು ನನಗೆ ನಾನೇ ವಾಯಿದೆ ಕೊಟ್ಟುಕೊಂಡೆ. ಬೋರ್ಡಿಂಗಿನಲ್ಲಿ ಶನಿವಾರ ಕ್ರಿಶ್ಚಿಯನ್ ಹುಡುಗಿಯರು ಪಾದ್ರಿಯ ಮುಂದೆ ತಪ್ಪು ಹೇಳಿಕೊಳ್ಳಲು ಕನ್‌ಫೆಶನ್ನಿಗೆ ಹೋಗುತ್ತಿದ್ದರು. ಇಷ್ಟಲಿಂಗ ಕಟ್ಟಿದ ನಾವು ಮೂವರು ಚಾಪೆಲ್ಲಿನ ಮೆಟ್ಟಿಲ ಮೇಲೆ ಕಾಯುತ್ತ ಕೂರುತ್ತಿದ್ದೆವು. ಹೊರಗೆ ಬಂದವರು ಎಷ್ಟು ಹಗುರಾಗಿ ಕುಣಿದುಕೊಂಡು ಇಳಿಯುತ್ತಿದ್ದರು. ಯಾವಾಗ ಹೇಳಿದರೂ ಹಾಗೆ ಹಗುರಾಗಬಹುದು ಎಂದು ನಾನು ತಿಳಿದಿದ್ದೆ.

ಈ ನಡುವೆ ಆ ಹೆಣ್ಣುಮಗಳು ಸಂತೆಯ ದಿನ ನಮ್ಮ ಮನೆಗೆ ಬರತೊಡಗಿದಳು. ಸೆರಗಿನಲ್ಲಿ ಒಂದಿಷ್ಟು ಶೇಂಗಾ ತಂದು ಸುರಿಯುತ್ತಿದ್ದಳು. ಮಗಳನ್ನು ಅತ್ತೆ ತನ್ನ ಹತ್ತಿರವೇ ಇಟ್ಟುಕೊಂಡಿದ್ದಾಳೆ, ಉಣಿಸುವುದು ಮಲಗಿಸುವುದು ಎಲ್ಲಾ ಅವಳೇ ಎಂದಳು. "ಹೊಲದ ಕೆಲಸಕ್ಕ ನಾನು ಬೇಕ್ರಿ. ಕೂಸಿಗೆ ಬ್ಯಾಡ. ಜ್ವರ ಬಂದ್ರ ಮುಟ್ಟಬ್ಯಾಡ ಅಂತಾಳ." ಆಮೇಲೆ ಆ ದಿನದ್ದನ್ನು ಮೊದಲಿಂದ ಹೇಳುತ್ತಿದ್ದಳು. ಎಷ್ಟು ಗಂಟೆಗೆ ಹೊರಟೆ, ಯಾವ ಸೀಟಿನಲ್ಲಿ ಕೂತೆ, ಯಾರು ಏನೆಂದರು. "ನಿಮ್ಮ ಒಬ್ಬರ ಮುಂದ ಹೇಳಾಕ ಬರತೈತ್ರಿ. ನೀವು ನಂಬತೀರಿ."

"ಹೌದು ತಂಗಿ," ಅನ್ನುತ್ತಿದ್ದೆ. ಅವಳು ಅದನ್ನು ನಂಬಿಕೆ ಅಂದುಕೊಂಡಿದ್ದಳು. ನನ್ನದು ನೆನಪು. ಪೂವರ್ ಥಿಂಗ್ ಎಂದು ಮನಸ್ಸಿನಲ್ಲೇ ಅಂದುಕೊಂಡು ಅವಳ ಶೇಂಗಾ ಹುರಿದು ತಿನ್ನುತ್ತಿದ್ದೆ.

ಕಳೆದ ಬೇಸಿಗೆಯಲ್ಲಿ, ಎರಡನೆಯ ಹಂತದ ಕಾಗದಗಳಿಗೆ ಸಹಿ ಮಾಡಲು ದವಾಖಾನೆಗೆ ಹೋಗಿದ್ದೆ. ಮಧ್ಯಾಹ್ನ ಅದೇ ಅತ್ತೆ ಮೊಮ್ಮಗಳನ್ನು ಎದೆಗೆ ಅವಚಿಕೊಂಡು ಬಂದಳು. ಜ್ವರ ನೆತ್ತಿಗೇರಿ ಮಗು ಬಿಲ್ಲಿನಂತೆ ಸೆಟೆದಿತ್ತು. ಹಿಂದೆ ಸೊಸೆ, ಕಾಲಲ್ಲಿ ಚಪ್ಪಲಿ ಇರಲಿಲ್ಲ.

ರೂಮು ಮಾಡಬೇಕಾದ್ದನ್ನೆಲ್ಲ ಮಾಡಿತು. ನರ್ಸ್ ಟೇಪು ಹಾಸಿದಳು, ಮೂಗಿಗೆ ಔಷಧ ಹಾಕಿದಳು, ಪುಟ್ಟ ಮಾಸ್ಕು ಮುಖಕ್ಕೆ ಸರಿಯಾಗಿ ಕೂತಿತು. ಸ್ವಲ್ಪ ಹೊತ್ತಿಗೆ ಮಗು ಸಡಿಲಾಗಿ ಜೋರಾಗಿ ಅತ್ತಿತು. ಆ ಅಳು ಕೇಳಿ ನನಗೂ ಅಳು ಬಂತು. ತಾಯಿ ಕೈ ಚಾಚಿದಳು. ಅತ್ತೆ ಮಗುವನ್ನೆತ್ತಿಕೊಂಡು ಬೆನ್ನು ತಿರುಗಿಸಿದಳು.

"ನೋಡಿದಿ? ನಾನು ನೆಟ್ಟಗ ಇಲ್ಲಿಗೆ ತಂದೆ, ಉಳೀತು. ಅವತ್ತ ನೀನೂ ನೆಟ್ಟಗ ಇಲ್ಲಿಗೆ ಬಂದಿದ್ರ ನನ್ನ ಮೊಮ್ಮಗಾ ಇವತ್ತ ಸಾಲಿಗೆ ಹೋಗ್ತಿದ್ದ. ಇನ್ನ ಈ ಕೂಸಿನ ಮೈಗೆ ಕೈ ಹಚ್ಚಬ್ಯಾಡ."

ಆಗ ಹೇಳಿದೆ. ಎಲ್ಲರ ಮುಂದೆ, ನನ್ನ ಕ್ಲಾಸಿನ ಧ್ವನಿಯಲ್ಲಿ. "ನಿಮ್ಮ ಸೊಸಿ ನೆಟ್ಟಗ ಇಲ್ಲಿಗೇ ಬಂದಿದ್ಲು. ಎರಡು ತಾಸು ಕುಂಡ್ರಿಸಿದ್ದು ಈ ದವಾಖಾನಿ. ಮಂತ್ರದ ಕತಿ ನಾನು ಕಟ್ಟಿದ್ದು."

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾಕ ಕಟ್ಟಿದ್ರಿ?"

"ಅನುದಾನ ಬರ್ಲಿ ಅಂತ."

"ಬಂತಲ್ಲ. ಮತ್ತ ಈಗ ಯಾಕ ಹೊಸಾ ಕತಿ ಹಚ್ಚೀರಿ? ನಮ್ಮಾಕಿ ಸಂತಿಗೊಮ್ಮೆ ನಿಮ್ಮ ಮನಿಗೆ ಶೇಂಗಾ ಹೊರತಾಳ, ನನಗ ಗೊತ್ತಿಲ್ಲ ಅಂತ ತಿಳದೀರೇನು? ತಿಂದದ್ದಕ್ಕ ಮಾತಾಡಾಕತ್ತೀರಿ. ದೊಡ್ಡ ಸಾಹೇಬ್ರು ಓದಿದ್ದು ಸುಳ್ಳು, ನಿಮ್ಮ ಶೇಂಗಾ ಖರೆ?"

ನಾನು ನರ್ಸಿನ ಕಡೆ ನೋಡಿದೆ. ಅವಳು ಟ್ರೇಯಲ್ಲಿ ಏನೋ ಹುಡುಕುತ್ತಿದ್ದಳು. "ಅವತ್ತ ನಾನು ರಜಾ ಮ್ಯಾಲಿದ್ದೆ ಅನಸ್ತೈತ್ರಿ," ಎಂದಳು. ಡಾಕ್ಟರ್ ಸಾಹೇಬರು ನನ್ನ ತೋಳು ಹಿಡಿದು ಬಹಳ ಮೆತ್ತಗೆ, "ಸಿಸ್ಟರ್, ಮ್ಯಾಡಮ್ ಅವರ ಬೀಪಿ ನೋಡ್ರಿ," ಎಂದರು. ಅತ್ತೆ ಮಗುವಿನ ತಲೆಗೆ ಸೆರಗು ಹೊದಿಸಿ ಹೊರಟಳು. ಆ ಮಂದಿಯಲ್ಲಿ ನನ್ನ ಮಾತು ನಂಬಿದವಳು ಒಬ್ಬಳೇ.

ಅವಳು ನನ್ನ ಹಿಂದೆ ವರಾಂಡಕ್ಕೆ ಬಂದಳು.

"ಬಾಯಾರ, ಕಟ್ಟಿದ್ದು ಅಂದ್ರಿ. ಕಾಗದದಾಗ ಇರಲಿಲ್ಲೇನ್ರಿ?"

"ಇರಲಿಲ್ಲ."

"ಹಂಗಾರ ನಾ ನೆಟ್ಟಗ ಬಂದದ್ದು ನಿಮಗ ಯಾರು ಹೇಳಿದ್ರು?"

"ನಾನು ನೋಡೀನಿ. ಅವತ್ತ ಇಲ್ಲೇ ಇದ್ದೆ."

"ಎಲ್ಲಿ?"

ಔಷಧದ ಕಿಟಕಿಯ ಕಡೆ ಕೈ ಮಾಡಿದೆ. ಅವಳು ಅಲ್ಲಿಂದ ಬಾಕಿನವರೆಗೆ ನೆಲವನ್ನು ನೋಡಿದಳು. ನಾಲ್ಕು ಹೆಜ್ಜೆ ಇರಬಹುದು.

"ಎಷ್ಟೊತ್ತು ಇದ್ರಿ?"

"ಗಾಡಿ ಹೋಗೂತನಕ."

"ನನ್ನ ಮಗಾ ನೀರು ಕೇಳಿದ್ದ. ಕೊಡಬ್ಯಾಡ ಅಂದ್ಲು ನರ್ಸಬಾಯಿ. ನಾಕೈದು ಸಲ ಕೇಳಿದ. ಆಮ್ಯಾಲ ಆಮ್ಯಾಲ ನನಗ ಸಂಶೇ ಬಂತ್ರಿ, ಅವ ಖರೇನ ಕೇಳಿದ್ನೋ, ನನಗ ಹಂಗ ಅನಸಾಕತ್ತೈತೋ ಅಂತ. ನಿಮಗ ಕೇಳಿಸಿತ್ತೇನ್ರಿ?"

"ಕೇಳಿಸಿತ್ತು," ಎಂದೆ.

"ಆತ್ರಿ," ಎಂದಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ಎಷ್ಟೋ ಚಲೋ ಇತ್ತು. ತಲೆಯ ಮೇಲೆ ಸೆರಗು ಎಳೆದುಕೊಂಡು ಜೀಪಿನ ಕಡೆ ನಡೆದಳು. ಅತ್ತೆ ಮಗುವಿನ ಜೊತೆ ಮುಂದಿನ ಸೀಟಿನಲ್ಲಿದ್ದಳು. ಇವಳು ಹಿಂದೆ ಹತ್ತಿದಳು.

ಈಗಲೂ ಸಂತೆಗೆ ಬರುತ್ತಾಳೆ. ನಮ್ಮ ಮನೆಯ ಮುಂದಿನ ದಾರಿಯೇ ಅವಳ ದಾರಿ. ನಾನು ಬಾಗಿಲಲ್ಲಿ ನಿಂತಿದ್ದರೆ, ಊರಿನ ಎಲ್ಲರೂ ಸಾಲೆಯ ಬಾಯಾರಿಗೆ ಮಾಡುವಂತೆ, ಎರಡೂ ಕೈ ಮುಗಿದು ಮುಂದೆ ಹೋಗುತ್ತಾಳೆ.